ನೀಲಿ ಕಡೆಗೆ ತಿರುಗಿಸಿದರೆ ಬಿಸಿ

ಮನೆಯಿಂದ,
ಡಿಸೆಂಬರ್ ೯, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಕೆಮ್ಮು ಸ್ವಲ್ಪವಾದರೂ ತಗ್ಗಿದೆಯೇ? ಈಗಲೂ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತೀಯೋ, ಕಾಲು ಚಾಚಿ ಮಲಗಲು ಆಗುತ್ತದೋ? ಊಟ ಸಪ್ಪೆ ಎಂದು ತಟ್ಟೆಯನ್ನು ಹಾಗೇ ವಾಪಸು ಕಳಿಸಬೇಡ, ಆ ದಪ್ಪ ಕನ್ನಡಕದ ನರ್ಸಮ್ಮ ನನಗೆ ಫೋನಿನಲ್ಲಿ ಎಲ್ಲ ಚಾಡಿ ಹೇಳುತ್ತಾರೆ. ನಿನಗೇ ಫೋನ್ ಮಾಡಬಹುದಿತ್ತು. ಆದರೆ ಹೋದ ಸಲ ಎರಡು ಮಾತಿಗೇ ನಿನಗೆ ಉಸಿರು ಕಟ್ಟಿದ್ದು ಕೇಳಿದ ಮೇಲೆ ನನಗೆ ಆ ಧೈರ್ಯವಿಲ್ಲ. ಕಾಗದವಾದರೆ ನೀನು ಸುಮ್ಮನೆ ಓದಿಕೊಂಡರೆ ಸಾಕು, ತಿರುಗಿ ಬೈಯುವ ಶ್ರಮವಿಲ್ಲ. ಹಾಲಿನ ವ್ಯಾನಿನವನು ಮಧ್ಯಾಹ್ನ ಬೆಟ್ಟ ಹತ್ತುತ್ತಾನಂತೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಾನು ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಾಗಿಲ್ಲ ಕಣೇ. ನಾಲ್ಕು ದಿನದಿಂದ ಕೈಕಾಲೇ ಆಡುತ್ತಿಲ್ಲ, ತಲೆ ಕೆಟ್ಟು ಮೊಸರುಗಡಿಗೆ ಆಗಿದೆ. ಶುಕ್ರವಾರ ನಿನ್ನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಒಪ್ಪಿದ್ದಾರಲ್ಲ, ಅದಕ್ಕೊಂದು ಷರತ್ತು ಹಾಕಿದ್ದಾರೆ. ಬೆಟ್ಟದ ಮೇಲಿನ ಆಸ್ಪತ್ರೆಯಿಂದ ನಮ್ಮ ಬಾಗಿಲವರೆಗೆ ಮೂರು ಗಂಟೆ, ಅಷ್ಟು ಹೊತ್ತೂ ಗಾಡಿಯೊಳಗೆ ಬೆಚ್ಚಗಿರಬೇಕು. ತಣ್ಣನೆ ಗಾಳಿ ಎದೆಗೆ ಹೋದರೆ ಮತ್ತೆ ಹತೋಟಿಗೆ ಬರುವುದಿಲ್ಲವಂತೆ. ಶನಿವಾರ ದೊಡ್ಡ ಹಿಮ ಬೀಳುತ್ತದೆ, ರಸ್ತೆ ಮುಚ್ಚುತ್ತದೆ, ತೆರೆಯುವುದು ಇನ್ನು ಮಾರ್ಚಿಗೆ. ಮಾರ್ಚಿಗೆ ಎನ್ನುವಾಗ ಅವರು ನನ್ನ ಮುಖ ನೋಡದೆ ಪೆನ್ನಿನ ಮುಚ್ಚಳ ನೋಡುತ್ತಿದ್ದರು. ಆಸ್ಪತ್ರೆಯ ವ್ಯಾನು ರೋಗಿಗಳನ್ನು ಮೇಲೆ ತರುತ್ತದೆಯೇ ಹೊರತು ಮನೆಗೆ ಬಿಡುವುದಿಲ್ಲ. ಬಾಡಿಗೆ ಗಾಡಿಯವರನ್ನೆಲ್ಲ ಕೇಳಿ ಬಂದೆ, ಈ ವಾರ ಬೆಟ್ಟ ಎಂದ ಕೂಡಲೇ ತಲೆ ಅಲ್ಲಾಡಿಸುತ್ತಾರೆ. ಉಳಿದಿರುವುದು ನಮ್ಮ ಹಳೇ ಕಾರು. ಅದರ ಹೀಟರು ಸತ್ತಿದೆ.

ನೀನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಕೊಟ್ಟೆಯಲ್ಲ, "ರೀ, ನನ್ನನ್ನ ಇಲ್ಲಿ ಬಿಡಬೇಡಿ" ಎಂದು, ಅದು ನನ್ನ ಕನ್ನಡಕದ ಡಬ್ಬಿಯಲ್ಲಿದೆ. ಕನ್ನಡಕ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಗಡಿಯಾರ ರಿಪೇರಿ ಮಾಡುವವನು ದಿನಕ್ಕೆ ಎಷ್ಟು ಸಲ ಕನ್ನಡಕ ತೆಗೆಯುತ್ತಾನೆ ಎನ್ನುವುದು ನಿನಗೆ ಗೊತ್ತು.

ಹೋದ ಶನಿವಾರ ರಿಪೇರಿ ಶುರು ಮಾಡಿದೆ. ಹೀಟರಿನ ಗುಂಡಿ ಎತ್ತ ತಿರುಗಿಸಿದರೂ ತಣ್ಣನೆ ಗಾಳಿಯೇ. ಎಂಜಿನ್ನಿನ ನೀರು ಕಡಿಮೆಯಿರಬಹುದೆಂದು ತುಂಬಿಸಿದೆ. ಆಗಲಿಲ್ಲ. ಥರ್ಮೋಸ್ಟಾಟ್ ಬದಲಾಯಿಸಿದೆ, ಆಗಲಿಲ್ಲ. ಬಿಸಿನೀರು ಹೋಗುವ ಪೈಪು ಬಿಚ್ಚಿ ತೊಳೆದೆ, ನೀನು ಹೆಣೆದ ಬೂದು ಸ್ವೆಟರಿನ ಮೇಲೆಲ್ಲ ಕಂದು ನೀರು ಹಾರಿತು (ಬೈಯಬೇಡ, ನೆನೆಹಾಕಿದ್ದೇನೆ). ಜಪ್ಪಯ್ಯ ಅಂದರೂ ಬಿಸಿ ಬರಲಿಲ್ಲ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಕಂಬಳಿ ಹೊದಿಸಿ ಕರ್ಕೊಂಡು ಬಂದ್ರಾಯ್ತಪ್ಪ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೂ ಸ್ಪ್ಯಾನರ್ ಎಸೆಯುವಷ್ಟು ಸಿಟ್ಟು ಬಂತು. ಉಸಿರಿಗೆ ಕಂಬಳಿ ಹೊದಿಸಲು ಆಗುತ್ತದೆಯೇ?

ಕೊನೆಗೆ ನಿನ್ನೆ ಗೊಣಗಪ್ಪನ ಗ್ಯಾರೇಜಿಗೆ ಹೋದೆ. ಬೇರೆಯವರ ಕೈಗೆ ನಮ್ಮ ಕಾರು ಕೊಡುವುದಿಲ್ಲ ಎಂದು ಹನ್ನೊಂದು ವರ್ಷ ಜಂಬ ಕೊಚ್ಚಿದವನು ನಾನು. ಹನ್ನೊಂದು ವರ್ಷದ ಹಿಂದೆ ಇದೇ ಗುಂಡಿ ಬಿಗಿಯಾಗಿತ್ತು, ನೆನಪಿದೆಯೇ? ನಾನೇ ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸಿದೆ. ಅವತ್ತಿನಿಂದ ನಮ್ಮ ಕಾರಿನಲ್ಲಿ ನೀಲಿ ಕಡೆಗೆ ತಿರುಗಿಸಿದರೆ ಬಿಸಿ, ಕೆಂಪು ಕಡೆಗೆ ತಿರುಗಿಸಿದರೆ ತಂಪು. ಇದು ಮೊದಲಿನಿಂದ ಹೀಗೇ ಇದ್ದಿದ್ದು, ನೀನೇ ಗಮನಿಸಿಲ್ಲ ಎಂದು ನಾನು ಮುಖ ಗಂಟಿಕ್ಕಿಕೊಂಡು ಸಾಧಿಸಿದೆ. ನೀನು ವಾದ ಮಾಡಲಿಲ್ಲ. ಹತ್ತಿದವರಿಗೆಲ್ಲ, "ನಮ್ಮ ಯಜಮಾನರ ಕಾರಲ್ಲಿ ಬೆಂಕಿಯ ಬಣ್ಣ ನೀಲಿ" ಎಂದು ನಗುತ್ತಾ ಹೇಳಿ ನನ್ನ ಮಾನ ಕಳೆದೆ. ಆಮೇಲೆ ಅದೇ ಅಭ್ಯಾಸವಾಯಿತು. ನಿದ್ದೆಗಣ್ಣಿನಲ್ಲಿ ಚಳಿಯಾದರೂ ನಿನ್ನ ಕೈ ತಾನಾಗಿ ಹೋಗಿ ಗುಂಡಿಯನ್ನು ನೀಲಿಗೆ ತಿರುಗಿಸುತ್ತಿತ್ತು.

ಗೊಣಗಪ್ಪ ಮುಂದಿನ ಹಲಗೆ ಕಳಚಿ, ಟಾರ್ಚು ಬಿಟ್ಟು ನೋಡಿ, "ಯಾವ ಕತ್ತೆ ರೀ ಈ ಕೇಬಲ್ಲನ್ನ ಉಲ್ಟಾ ಹಾಕಿದ್ದು?" ಎಂದ. ಗುಂಡಿಯ ಹಿಂದೆ ಕೋಟಿನ ಬಟನ್ನಿನಷ್ಟು ಅಗಲದ ಪ್ಲಾಸ್ಟಿಕ್ ಹಲ್ಲಿನ ಚಕ್ರವಿದೆ. ಅದು ತಿರುಗಿ ಕೇಬಲ್ ಎಳೆದರೆ ಒಳಗಿನ ಮುಚ್ಚಳ ತೆರೆದು ಬಿಸಿ ಗಾಳಿ ಬರುತ್ತದೆ. ಹನ್ನೊಂದು ವರ್ಷ ಉಲ್ಟಾ ಎಳೆದೂ ಎಳೆದೂ ಆ ಚಕ್ರದ ಹಲ್ಲೆಲ್ಲ ಉದುರಿವೆ. ನಾನು ಏನು ಹೇಳಿದೆ ಗೊತ್ತೇ? "ಮೊದಲಿನ ಓನರು ಇರಬೇಕು" ಎಂದೆ. ನಾಚಿಕೆಗೆಟ್ಟವನು. ತಪ್ಪು ಹೇಗಾಯಿತು ಎನ್ನುವುದು ಅಲ್ಲಿ ನಿಂತಾಗಲೇ ಹೊಳೆಯಿತು. ಗಡಿಯಾರದವನು ಕೆಲಸ ಮಾಡುವುದು ಯಾವಾಗಲೂ ಹಿಂಬದಿಯಿಂದ. ಮುಖ ಕೆಳಗೆ ಮಾಡಿ ಬಿಳಿ ಬಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಆ ಗುಂಡಿಯನ್ನೂ ಹಾಗೇ ಬೋರಲು ಇಟ್ಟುಕೊಂಡಿದ್ದೆ. ಎಡ ಬಲವಾಯಿತು, ಬಲ ಎಡವಾಯಿತು.

ಈ ಕಾರಿನ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲವಂತೆ. "ಬಿಟ್ಬಿಡಿ ಯಜಮಾನ್ರೇ, ಇದು ಆಗೋ ಕೆಲಸ ಅಲ್ಲ" ಎಂದು ಕೈ ಒರೆಸಿಕೊಂಡ. ಹಲ್ಲಿನ ಚಕ್ರ ತಾನೇ, ನಾನೇ ಮಾಡಿಕೊಡುತ್ತೇನೆ ಎಂದು ಅಂಗಡಿಗೆ ಓಡಿ ಬಂದೆ. ಡಬ್ಬಿಗಳಲ್ಲೆಲ್ಲ ಹುಡುಕಿ ಅಳತೆಗೆ ಹತ್ತಿರವಾದ ಒಂದು ಹಿತ್ತಾಳೆ ಚಕ್ರ ಹಿಡಿದು ಸಣ್ಣ ಅರದಲ್ಲಿ ಉಜ್ಜತೊಡಗಿದೆ. ಅವಸರದಲ್ಲಿ ಅರ ಜಾರಿ ಎರಡು ಹಲ್ಲು ಜಾಸ್ತಿ ಸವೆದವು. ನಲವತ್ತು ವರ್ಷ ಕೂದಲೆಳೆಯಂಥ ಸ್ಪ್ರಿಂಗು ಹಿಡಿದ ಕೈ ಕಣೇ ಇದು! ಬಾಗಿಲು ಹಾಕಿಕೊಂಡು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟೆ. ಆ ಅಳತೆಯ ಚಕ್ರ ಇನ್ನು ಒಂದೇ ಇದೆ, ಅಂಗಡಿಯ ಗೋಡೆ ಗಡಿಯಾರದೊಳಗೆ. ಅದು ಹನ್ನೆರಡೂವರೆ ಹೊಡೆದ ಕೂಡಲೇ ನೀನು ಊಟಕ್ಕೆ ಕರೆಯುತ್ತಿದ್ದೆ. ಬೆಳಿಗ್ಗೆ ಅದನ್ನು ಇಳಿಸಿ ಬಿಚ್ಚಿದ್ದೇನೆ. ಇದೂ ಕೆಟ್ಟರೆ ಮುಂದೆ ಏನು ಎನ್ನುವುದು ನನಗೆ ಗೊತ್ತಿಲ್ಲ. ನೀನು ಅಲ್ಲಿ ಒಬ್ಬಳೇ ಮಾರ್ಚಿನವರೆಗೆ ಎಂದುಕೊಂಡ ಕೂಡಲೇ ಮತ್ತೆ ಅರ ಕೈಗೆತ್ತಿಕೊಳ್ಳುತ್ತೇನೆ. ನನ್ನ ಹಟಕ್ಕೆ ನೀನು ಶಿಕ್ಷೆ ಅನುಭವಿಸಬೇಕೇ?

ಶಾಲು ಕಿವಿ ಮುಚ್ಚುವಂತೆ ಸುತ್ತಿಕೋ. ಪಕ್ಕದ ಹಾಸಿಗೆಯ ಅಜ್ಜಿಗೆ ನನ್ನ ನಮಸ್ಕಾರ ಹೇಳು. ನರ್ಸಮ್ಮನಿಗೂ ಹೇಳು, ಚಾಡಿ ಹೇಳುವುದನ್ನು ಮಾತ್ರ ಬಿಡಬಾರದು. ಬಟ್ಟೆಬರೆ ಕಟ್ಟಿಕೋ ಎಂದು ಬರೆಯಲು ಕೈ ಬರುತ್ತಿಲ್ಲ, ಬೇಡ ಎಂದು ಬರೆಯಲೂ ಬರುತ್ತಿಲ್ಲ.

ನಿನ್ನ,
ಇವರು

ತಾ.ಕ.: ಬುಧವಾರ, ಅವಸರದಲ್ಲಿ. ನಿನ್ನೆ ಹಾಲಿನ ವ್ಯಾನು ಕೆಟ್ಟು ನಿಂತಿತ್ತು, ಈಗ ಹೊರಡುತ್ತಿದೆ, ಹಾರ್ನ್ ಹೊಡೆಯುತ್ತಿದ್ದಾನೆ. ಚಕ್ರ ಕೂತಿತು! ಗೊಣಗಪ್ಪ ಎಲ್ಲವನ್ನೂ ಸರಿಯಾಗಿ ಜೋಡಿಸಿಕೊಟ್ಟ. ಒಬ್ಬನೇ ಬೆಟ್ಟದ ಬುಡದವರೆಗೆ ಓಡಿಸಿ ನೋಡಿದೆ. ಗುಂಡಿಯನ್ನು ನೀಲಿಗೆ ತಿರುಗಿಸಿ ಇಟ್ಟಿದ್ದೆ. ಅರ್ಧ ಗಂಟೆಯಾದರೂ ಮಂಜಿನಂಥ ಗಾಳಿ. ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಲಾರಿಯವನೊಬ್ಬ ಇಳಿದು ಬಂದು ಗಾಜು ತಟ್ಟಿ, "ಏನಾಯ್ತು ಯಜಮಾನ್ರೇ, ಯಾರಾದ್ರೂ ಹೋಗ್ಬಿಟ್ರಾ?" ಎಂದ. "ಇಲ್ಲಪ್ಪ, ಹೀಟರು" ಎಂದೆ. ಅವನು ಒಳಗೆ ಕೈ ಹಾಕಿ ಗುಂಡಿಯನ್ನು ಕೆಂಪಿಗೆ ತಿರುಗಿಸಿದ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅವನು ನನ್ನನ್ನು ನೋಡಿದ ನೋಟ ಇರಲಿ ಬಿಡು.

ಅಲ್ಲೇ ಕೂತು ಯೋಚಿಸಿದೆ. ದಾರಿಯಲ್ಲಿ ನಿನಗೆ ಜೋಂಪು ಹತ್ತುತ್ತದೆ, ಚಳಿ ಎನಿಸಿ ಕೈ ಚಾಚುತ್ತೀಯ, ನಾನು ತಿರುವು ನೋಡುತ್ತಿರುತ್ತೇನೆ. ನೀನು ನೀಲಿಗೇ ತಿರುಗಿಸುತ್ತೀಯ. ನೇರ ಗ್ಯಾರೇಜಿಗೆ ವಾಪಸು ಹೋಗಿ, ಕೇಬಲ್ ಬಿಚ್ಚಿ ಉಲ್ಟಾ ಹಾಕು ಎಂದೆ. "ತಲೆ ನೆಟ್ಟಗಿದೆಯೇನ್ರೀ?" ಎಂದ ಗೊಣಗಪ್ಪ. "ಅವತ್ತು ಉಲ್ಟಾ ಹಾಕಿದ ಕತ್ತೆ ನಾನೇ ಕಣಪ್ಪ. ನನ್ನ ಹೆಂಡತಿ ಕೈಗೆ ಅದೇ ಅಭ್ಯಾಸ" ಎಂದೆ, ಗ್ಯಾರೇಜಿನಲ್ಲಿದ್ದ ಎಲ್ಲರ ಎದುರಿಗೆ. ಅವನು ಗೊಣಗದೆ ಹಾಕಿಕೊಟ್ಟ.

ಬಟ್ಟೆ ಕಟ್ಟಿಕೋ. ಶುಕ್ರವಾರ ಒಂಬತ್ತಕ್ಕೆ ಗಾಡಿ ಬೆಚ್ಚಗೆ ಮಾಡಿಕೊಂಡು ಬಾಗಿಲಲ್ಲಿರುತ್ತೇನೆ. ಚಳಿಯಾದರೆ ನನ್ನನ್ನು ಕೇಳಬೇಡ, ನೀನೇ ತಿರುಗಿಸು, ನೀಲಿಗೆ.