ಒಳಗೆ ಹೋದ ಕಾಗದ

ಕೈಲಾಹುನ್, ಆಗಸ್ಟ್ 2014

ಅಮ್ಮಾ,

‘ನದಿ ಕಾಯುತ್ತದೆ, ದೋಣಿಗೆ ಅವಸರ.’ ನನಗೆ ಜಡೆ ಹೆಣೆಯುವಾಗ ನೀನು ಹಾಡುತ್ತಿದ್ದುದು ಹೀಗೇನಾ? ಅವಸರ ನದಿಗಿತ್ತೇನೋ. ಎಷ್ಟೋ ಕವಿತೆ ಓದಿದೆ, ಈ ಸಾಲೇ ತಪ್ಪಿಹೋಗಿದೆ. ಕೂದಲು ಎಳೆದಾಗ ನಾನು ಅತ್ತರೆ ಮತ್ತೆ ಮೊದಲಿನಿಂದ ಹಾಡುತ್ತಿದ್ದೆ, ಅಷ್ಟು ನೆನಪಿದೆ.

ಎಬೋಲಾ ವಾರ್ಡಿನೊಳಗೆ ಹೋದ ಕಾಗದ ಹೊರಗೆ ಬರುವಂತಿಲ್ಲ, ಸುಟ್ಟುಬಿಡುತ್ತಾರೆ. ಹಾಗಾಗಿ ಉತ್ತರ ಬರೆಯಬೇಡ. ಎದ್ದು ಕೂರಲು ಆದ ದಿನ ಆ ಸಾಲನ್ನು ನರ್ಸಿಗೆ ಹೇಳು, ಅವರು ಬೇಲಿಯಾಚೆಗೆ ಕೂಗಿ ಬರೆಸುತ್ತಾರೆ. ನಾಲ್ಕು ದಿನದಿಂದ ಅಲ್ಲಿ ರೋಗಿಗಳ ಸುದ್ದಿ ಹೇಳುವಾಗ ನಿನ್ನ ಹೆಸರನ್ನು ಯಾರೂ ಕೂಗಿಲ್ಲ.

ನಿನ್ನ ಬೈಂದು

ಬೈಂದು ಕಾಗದ ಮಡಿಸುವಷ್ಟರಲ್ಲಿ ಪಕ್ಕದ ಮನೆಯ ಜೆಬೆ ಬೇಲಿಯ ಕಡೆಯಿಂದ ಓಡಿಬಂದು ಬಾಗಿಲಲ್ಲೇ ನಿಂತು ಹೇಳಿದಳು: “ಅಳೋದು ನಿಲ್ಸೇ! ನಿಮ್ಮಮ್ಮ ಗಂಜಿಗೆ ಖಾರ ಇಲ್ಲ ಅಂತ ನರ್ಸಿಗೆ ಬೈತಿದ್ಲು, ರಸ್ತೆವರೆಗೂ ಕೇಳಿಸ್ತು!”