ನೀರು ಹೊತ್ತವರು ನನ್ನ ಹಿಂದೆ

ಬಿಟ್ಟ ವರ್ಷದಿಂದ ಎಣಿಸಿ ಇನ್ನೂರ ಹದಿನಾರು, ಹದಿಮೂರನೆಯ ತಿಂಗಳು, ಗಾಳಿ ಸತ್ತ ವಾರ.
ಮಲಪ್ರಭೆಯ ದಂಡೆ, ಆನೆಬಂಡೆಯ ನೆರಳು.

ನಮಗಿಂತ ಬಹಳ ಮೊದಲು ಬದುಕಿದವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮಗೂ ಅಧಿಕಮಾಸ ಎಂಬುದೊಂದು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತಂತೆ. ನಮಗೆ ಅದು ಪ್ರತಿ ವರ್ಷವೂ ಬರುತ್ತದೆ, ಏಕೆಂದರೆ ನಮ್ಮ ಬೇಸಿಗೆ ಹನ್ನೆರಡು ತಿಂಗಳ ಲೆಕ್ಕದೊಳಗೆ ಹಿಡಿಸುವುದಿಲ್ಲ. ಅದನ್ನು ಕಾವುತಿಂಗಳು ಎನ್ನುತ್ತೇವೆ. ನನ್ನ ಕನ್ನಡವೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು. ಕೆಲವು ಮಾತುಗಳು ನೀವು ಹೋದ ಮೇಲೆ ಹುಟ್ಟಿದವು, ಅವನ್ನು ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ತಪ್ಪಿದ್ದರೆ ಕ್ಷಮಿಸಿ. ನನ್ನ ಹೆಸರು ಸಾವಂತ್ರಿ. ನಾನು ಕಾಯಿಲೆಯವಳು, ಮತ್ತು ಇವತ್ತಿನ ಮಟ್ಟಿಗೆ ಓಟದವಳು.

ನಮ್ಮಲ್ಲಿ ಕೂಡೋಟ ಎಂಬ ಪಂದ್ಯವಿದೆ. ಕೆಂಪು ಬಂಡೆಗಳ ನೆತ್ತಿಯಿಂದ ಹಗ್ಗ ಹಿಡಿದು ಇಳಿದು, ಜಾಲಿಯ ಕಾಡು ದಾಟಿ, ಗುಂಡುಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹೊಳೆಗೆ ಬಂದು, ಅಲ್ಲಿಂದ ಉಸುಕಿನಲ್ಲಿ ನಡೆದು ಸಂಗಮ ಮುಟ್ಟಬೇಕು. ಒಂದು ಊರಿಗೆ ನಾಲ್ವರು, ದಿನಕ್ಕೆ ಒಂದೇ ಊರಿನ ತಂಡ. ನಾಲ್ವರಲ್ಲಿ ಒಬ್ಬರು ಕಾಯಿಲೆಯವರೇ ಆಗಿರಬೇಕು. ಸೋಗು ನಡೆಯುವುದಿಲ್ಲ, ಊರ ಹಿರಿಯರು ನಾಡಿ ಹಿಡಿದು ನೋಡಿಯೇ ಆರಿಸುತ್ತಾರೆ. ಆ ಕಾಯಿಲೆಯವರನ್ನು ಮುಂಗಾಲು ಎಂದು ಕರೆಯುತ್ತೇವೆ. ಮುಂಗಾಲು ಎಲ್ಲರಿಗಿಂತ ಮುಂದೆ ನಡೆಯಬೇಕು, ಉಳಿದವರು ಅವರ ವೇಗಕ್ಕೆ ತಮ್ಮ ಕಾಲು ಹೊಂದಿಸಿಕೊಳ್ಳಬೇಕು. ಮುಂಗಾಲು ಹಿಂತಿರುಗಿ ನೋಡುವಂತಿಲ್ಲ. ಗೆದ್ದವರಿಗೆ ಒಂದು ಟಗರು ಸಿಗುತ್ತದೆ, ಮುಂದಿನ ಕಾವುತಿಂಗಳವರೆಗೆ ಜಂಬ ಕೊಚ್ಚಿಕೊಳ್ಳುವ ಹಕ್ಕೂ ಸಿಗುತ್ತದೆ.

ಈ ಪಂದ್ಯ ಏಕೆ ಹುಟ್ಟಿತೆಂದರೆ, ಬಿಟ್ಟ ವರ್ಷದಲ್ಲಿ ನಮ್ಮ ಹಿರಿಯರು ಇದೇ ದಾರಿಯಲ್ಲಿ ಗುಳೆ ಹೊರಟಿದ್ದರು. ಬಂಡೆಯ ಊರುಗಳಲ್ಲಿ ನೀರು ಮುಗಿದಿತ್ತು, ಜ್ವರ ಎದ್ದಿತ್ತು. ಗಟ್ಟಿಯಿದ್ದವರು ಮುಂದೆ, ಜ್ವರದವರು ಹಿಂದೆ. ಆನೆಬಂಡೆಯ ನೆರಳು ಬಂದಾಗ ಜ್ವರದವರನ್ನು ಅಲ್ಲಿ ಕೂರಿಸಿ, ಒಂದು ಕೊಡ ಇಟ್ಟು, ನೀರು ತೆಗೆದುಕೊಂಡು ಬರುತ್ತೇವೆ ಎಂದು ಹೇಳಿ ಗಟ್ಟಿಯವರು ಹೊಳೆಯ ತಿರುವಿನ ಕಡೆ ಹೋದರು. ತಿರುವು ಬರುವವರೆಗೂ ಹಿಂತಿರುಗಿ ನೋಡುತ್ತಲೇ ಇದ್ದರಂತೆ. ಮರಳಿ ಬರಲಿಲ್ಲ. ಅವರು ಬಿಟ್ಟುಹೋದ ಆ ವರ್ಷದಿಂದಲೇ ನಮ್ಮ ಎಣಿಕೆ ಶುರು. ನೆರಳಿನಲ್ಲಿ ಕುಳಿತವರಲ್ಲಿ ಉಳಿದವರು ಕೆಲವೇ ಮಂದಿ, ನಾವು ಅವರ ಸಂತಾನ. ಹೋದವರ ಹೆಸರನ್ನು ನಮ್ಮಲ್ಲಿ ಯಾರೂ ಮಕ್ಕಳಿಗೆ ಇಡುವುದಿಲ್ಲ. ಕೂಡೋಟಕ್ಕೆ ಹೊರಡುವ ಪ್ರತಿ ಮುಂಗಾಲೂ ನಿಮ್ಮ ಕಾಲದವರಿಗೆ ಒಂದು ಓಲೆ ಬರೆದು ಬಂಡೆಯ ಸಂದಿಯಲ್ಲಿ ಇಡುವುದು ರೂಢಿ. ಸಾಮಾನ್ಯವಾಗಿ ಮನೆಯಲ್ಲಿ ಕುಳಿತು, ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ. ಸೋಮಾರಿಯಾದ ನಾನು ಆಮೇಲೆ ಬರೆದರಾಯಿತು ಎಂದು ಮುಂದೂಡಿದೆ. ಈಗ ಅಲ್ಲಾಡದೆ ಕುಳಿತಿರು ಎಂಬ ಅಪ್ಪಣೆಯಾಗಿದೆ, ಬೇರೆ ಕೆಲಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಾಯಿಲೆಗೆ ಒಳಬೇಗೆ ಎಂದು ಹೆಸರು. ಚಿಕ್ಕವಳಿದ್ದಾಗ ಬಂದ ಜ್ವರ ಇಳಿದ ಮೇಲೆ ನನ್ನ ಚರ್ಮ ಬೆವರುವುದನ್ನು ಮರೆತುಬಿಟ್ಟಿತು. ನಾಲ್ಕು ಹೆಜ್ಜೆ ಜೋರಾಗಿ ಹಾಕಿದರೆ ಮೈಯೊಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಕೂಡಿಬೀಳುತ್ತದೆ. ಮೊದಲು ಆಕಳಿಕೆ, ಆಮೇಲೆ ಸಿಟ್ಟು, ಆಮೇಲೆ ತಲೆಬುಡವಿಲ್ಲದ ಮಾತು, ಆಮೇಲೆ ನೆಲ. ಎರಡನೆಯ ಲಕ್ಷಣ ನನ್ನಲ್ಲಿ ಹುಟ್ಟಿನಿಂದಲೇ ಇದೆ, ಆದ್ದರಿಂದ ಅದನ್ನು ನಂಬುವಂತಿಲ್ಲ ಎಂದು ನಮ್ಮ ಅಣ್ಣ ಫಕೀರಪ್ಪ ಎಲ್ಲರ ಮುಂದೆ ಹೇಳಿ ನಗುತ್ತಾನೆ. ಇದಕ್ಕೆ ಮದ್ದಿಲ್ಲ, ನೀರಂಗಿ ಇದೆ. ದಪ್ಪ ನೂಲಿನ ತೋಳಿಲ್ಲದ ಅಂಗಿ ಅದು. ಅದನ್ನು ಒದ್ದೆಯಾಗಿಯೇ ಇಟ್ಟುಕೊಂಡರೆ ಬೆವರಿನ ಕೆಲಸವನ್ನು ಅದು ಮಾಡುತ್ತದೆ. ಒಣಗಿದರೆ ನಾನೂ ಮುಗಿದೆ.

ಪಂದ್ಯದ ತಾಲೀಮು ಎಂದರೆ ನನಗೆ ಓಡುವುದನ್ನು ಕಲಿಯುವುದಲ್ಲ, ನಿಲ್ಲುವುದನ್ನು ಕಲಿಯುವುದು. ಬೆಳಕು ಹರಿಯುವ ಮುಂಚೆ ಕೆರೆಯ ಏರಿಯ ಮೇಲೆ ಓಡುತ್ತಿದ್ದೆ. ನನ್ನ ಗೆಳತಿ ಇಮಾಂಬಿ ಪಕ್ಕದಲ್ಲೇ ಓಡುತ್ತ ತನ್ನ ಕೈಯ ಹಿಂಬದಿಯನ್ನು ನನ್ನ ಕುತ್ತಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. ಅವಳು ಕೂಡು ಎಂದರೆ ಎಲ್ಲಿದ್ದೆನೋ ಅಲ್ಲೇ ಕುಳಿತುಬಿಡಬೇಕು, ಮುಳ್ಳಿರಲಿ, ಸಗಣಿಯಿರಲಿ. ಹಗ್ಗದ ಕೆಲಸವನ್ನು ನಿಂಗರಾಜ ಕಲಿಸಿದ, ನನಗಿಂತ ಚಿಕ್ಕವನು, ಉಡದ ಹಾಗೆ ಬಂಡೆ ಹತ್ತುತ್ತಾನೆ. ನೀರಿನ ಚೀಲಗಳನ್ನು ಹೊರುವವನು ಅಣ್ಣ. ಪ್ರತಿದಿನ ಹಾಸಿಗೆಯಿಂದ ಏಳುವಾಗಲೇ ನನಗೆ ಹೆದರಿಕೆಯಾಗುತ್ತಿತ್ತು. ಇವತ್ತು ಬೀಳುತ್ತೇನೆ, ಇವತ್ತು ಬಿದ್ದವಳು ಏಳುವುದಿಲ್ಲ ಎಂದು ಅನಿಸುತ್ತಿತ್ತು. ಹಾಗಾದರೆ ಏಕೆ ಓಡಿದೆ ಎಂದು ನೀವು ಕೇಳಬಹುದು. ನೆಲಮನೆಯಲ್ಲಿ, ಅಂದರೆ ಬಿಸಿಲಿಗೆ ಹೆದರಿ ನಾವು ನೆಲದಡಿ ತೋಡಿಕೊಂಡ ಕೋಣೆಯಲ್ಲಿ, ಒದ್ದೆ ಬಟ್ಟೆ ಹೊದ್ದು ಮಲಗಿ ಗೋಡೆ ನೋಡುವುದು ನನಗೆ ಸಾಕಾಗಿ ಹೋಗಿತ್ತು. ಮುಂಗಾಲು ಆದವಳು ಹೋದ ಕಡೆ ಬೇರೆಯವರು ಬರುತ್ತಾರೆ. ಆ ಆಸೆ ನನಗಿತ್ತು.

ಇವತ್ತು ನಾವು ಚೆನ್ನಾಗಿಯೇ ಬಂದೆವು. ಗುಂಡುಗಳ ನಡುವಿನ ಹೊಂಡದಲ್ಲಿ ನೀರು ತುಂಬಿಕೊಳ್ಳಬೇಕಿತ್ತು, ಅಲ್ಲಿ ಬರೀ ಕೆಸರಿತ್ತು. ನನ್ನ ಜೀವ ಹಾರಿಹೋದಂತಾಯಿತು. ಆದರೆ ಅಲ್ಲಿಂದ ಮುಂದೆಯೂ ನನ್ನ ಬೆನ್ನಿನ ಮೇಲೆ ನೀರು ಮೊದಲಿನಂತೆಯೇ ಬೀಳುತ್ತಿತ್ತು. ಇಮಾಂಬಿ ಮತ್ತೆ ಮತ್ತೆ ಕುತ್ತಿಗೆ ಮುಟ್ಟಿ, “ತಂಪ ಅದೀ, ನಡಿ ನಡಿ” ಎನ್ನುತ್ತಿದ್ದಳು. ಅಣ್ಣ ಜಾಣ, ನೀರು ಉಳಿಸಿಟ್ಟಿದ್ದಾನೆ ಎಂದುಕೊಂಡೆ. ಇಷ್ಟು ಹಗುರಾಗಿ ನಾನು ಯಾವತ್ತೂ ನಡೆದಿರಲಿಲ್ಲ. ಟಗರಿನ ಯೋಚನೆ ಕೂಡ ಬಂತು. ಆಗ ಹಿಂದೆ ಏನೋ ಧೊಪ್ಪನೆ ಬಿತ್ತು. ನಿಯಮ ಪಾಲಿಸಿ ನಾನು ಮುಂದೆ ನೋಡುತ್ತಲೇ ನಿಂತೆ. ನಿಂಗರಾಜ ಕಿರುಚಿದ ಮೇಲೆ ತಿರುಗಿದೆ.

ಅಣ್ಣ ಮೊಣಕಾಲೂರಿ ಕುಳಿತಿದ್ದ. ಮೈ ಒಣಗಿತ್ತು, ತುಟಿ ಬಿಳಿಚಿತ್ತು. “ಆ ಹೋರಿ ಬಿಚ್ಚರ್ಲೇ, ನೀರಿಗಿ ಹೊಡೀಬೇಕು” ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಹೋರಿ ಇಲ್ಲ. ಅವನ ಕುತ್ತಿಗೆ ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು. ಹೊಂಡ ಬತ್ತಿದ್ದು ಕಂಡಾಗಿನಿಂದ ಅವನು ತನ್ನ ಪಾಲಿನ ನೀರನ್ನು ಬಾಯಿಗೆ ಹಾಕದೆ ನನ್ನ ಬೆನ್ನಿಗೆ ಸುರಿಯುತ್ತ ಬಂದಿದ್ದ. ಇಮಾಂಬಿಯ ಕೈ ಅವನ ಕುತ್ತಿಗೆಗೆ ಹೋಗಲಿಲ್ಲ, ಏಕೆಂದರೆ ನಮ್ಮಲ್ಲಿ ಯಾರ ಕೈಯೂ ಗಟ್ಟಿಯವರ ಕುತ್ತಿಗೆಗೆ ಹೋಗುವುದಿಲ್ಲ. ಹೆಂಗದೀ ಎಂಬ ಮಾತು ನಮ್ಮಲ್ಲಿ ಕಾಯಿಲೆಯವರಿಗೇ ಮೀಸಲು. ಗಟ್ಟಿಯಿರುವವರನ್ನು ಹಾಗೆ ಕೇಳಿದರೆ ಕೆಟ್ಟದ್ದು ಬಯಸಿದಂತೆ. ತಾಯಂದಿರು ಥೂ ಥೂ ಎಂದು ಉಗುಳಿ ದೃಷ್ಟಿ ತೆಗೆಯುತ್ತಾರೆ. ನೀವು ರಸ್ತೆಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಹೇಗಿದ್ದೀರಿ ಎಂದು ಕೇಳುತ್ತಿದ್ದಿರಿ ಎಂದು ಓದಿ, ನಾವು ಚಿಕ್ಕವರಿದ್ದಾಗ ನಿಮ್ಮ ಒರಟುತನಕ್ಕೆ ನಕ್ಕಿದ್ದೆವು.

ಮೂವರೂ ಸೇರಿ ಅವನನ್ನು ಎಳೆದುಕೊಂಡು ಬಂದು ಈ ಆನೆಬಂಡೆಯಡಿ ಮಲಗಿಸಿದೆವು. ಹತ್ತಿರದಲ್ಲಿ ಬೇರೆ ನೆರಳಿಲ್ಲ. ನಾನು ನೀರಂಗಿ ಬಿಚ್ಚಿ ಅವನಿಗೆ ಹೊದಿಸಿದೆ. “ನಿನಗ ಏನರ ಆದ್ರ ಹೆಂಗವಾ ಅಕ್ಕಾ?” ಎಂದು ನಿಂಗರಾಜ ಅಳುವ ದನಿಯಲ್ಲಿ ಕೇಳಿದ. ಅಲ್ಲಾಡದೆ ಕುಳಿತರೆ ನನಗೆ ಕಾವೇರುವುದು ನಿಧಾನ ಎಂದು ಹೇಳಿದೆ. ಅದು ಅರ್ಧ ಮಾತ್ರ ನಿಜ. ನಮ್ಮ ತಂಡ ತಡವಾದುದು ಸಂಗಮದವರಿಗೆ ತಿಳಿದು ಅವರು ಹೊರಡುವುದು ನಾಳೆ. ಕೈಯಲ್ಲಿ ಹಿಡಿದು ಮಾತಾಡುವ ನಿಮ್ಮ ಯಂತ್ರಗಳು ನಮ್ಮಲ್ಲಿಲ್ಲ. ಈ ತಿಂಗಳಲ್ಲಿ ಹೊಳೆಯೆಂದರೆ ಬರೀ ಉಸುಕು, ನೀರಿನ ಮಡುವಿರುವುದು ತಿರುವಿನ ಆಚೆ. ಒಂದು ಚೀಲದ ತಳದಲ್ಲಿ ಮಿಕ್ಕ ನೀರನ್ನು ನಮ್ಮ ಬಳಿಯಿಟ್ಟು ಇಮಾಂಬಿ ಎದ್ದು ನಿಂತಳು. “ನೀ ಅಲ್ಲಾಡಬ್ಯಾಡ ಸಾವಂತ್ರಿ. ನಾವು ನೀರು ತಗೊಂಡು ಬರ್ತೀವಿ” ಎಂದಳು. ಹೇಳಿದ ಮೇಲೆ ಅವಳ ಮುಖ ಕಪ್ಪಿಟ್ಟಿತು. ಆ ಮಾತನ್ನು ಈ ಬಂಡೆಯಡಿ ಆಡಬಾರದೆಂದು ನಮಗೆಲ್ಲ ಗೊತ್ತು. ಇಬ್ಬರೂ ಚೀಲ ಹೆಗಲಿಗೇರಿಸಿ ಉಸುಕಿನಲ್ಲಿ ಹೋದರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅದು ಒಳ್ಳೆಯ ಸೂಚನೆಯೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ.

ನೆರಳು ಕಿರಿದಾಗುತ್ತ ಬಂದಿದೆ. ನನ್ನ ಕಾಲನ್ನು ಎರಡು ಸಲ ಒಳಗೆಳೆದುಕೊಂಡೆ. ನನಗೆ ಭಯವಾಗುತ್ತಿದೆ, ಅದನ್ನು ಬೇರೆ ಮಾತಿನಲ್ಲಿ ಸುತ್ತಿ ಹೇಳುವ ಶಕ್ತಿಯಿಲ್ಲ. ಅಣ್ಣ ಸಾಯುತ್ತಾನೆ ಎಂಬ ಭಯ. ಅವರಿಬ್ಬರು ಬರುವುದಿಲ್ಲ ಎಂಬ ಭಯ. ಆಗಲೇ ಒಂದು ಆಕಳಿಕೆ ಬಂತು, ಅದು ಬರೀ ದಣಿವು ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇದನ್ನು ಬರೆಯುತ್ತಿರುವಾಗ ಅಣ್ಣ ಕಣ್ಣು ತೆರೆದ. ಮೈಮೇಲೆ ನನ್ನ ಅಂಗಿ ಕಂಡು ಅದನ್ನು ಕಿತ್ತು ನನಗೆ ಕೊಡಲು ಒದ್ದಾಡಿದ. ಕೈಯಲ್ಲಿ ಬಲವಿರಲಿಲ್ಲ. ನಾನು ಅವನ ಮುಖದ ಹತ್ತಿರ ಬಾಗಿ ಹೆಂಗದೀ ಅಣ್ಣಾ ಎಂದು ಕೇಳಿದೆ. ಅವನನ್ನು ಹುಟ್ಟಿದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಅಂಗಿಯ ಮೇಲಿನ ಹಿಡಿತ ಬಿಟ್ಟು, “ನೀರಡಿಕಿ ಆಗೇತಿ, ತಂಗಿ” ಎಂದ. ಇಷ್ಟು ವರ್ಷ ನನ್ನ ನೀರು ಹೊತ್ತವನ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ. ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಚೀಲ ಖಾಲಿಯಾಯಿತು. ಅವನು ಉಸಿರೆಳೆದುಕೊಂಡು, “ಅವ್ರಿಬ್ರೂ ಕುಡದು ಹ್ವಾದ್ರೇನು?” ಎಂದು ಕೇಳಿದ.

ಅವರು ಕುಡಿದಿರಲಿಲ್ಲ. ಮಿಕ್ಕದ್ದನ್ನೆಲ್ಲ ನಮಗಿಟ್ಟು ಹೋಗಿದ್ದರು. ಬೆಳಗಿನಿಂದ ಅವರೂ ತಮ್ಮ ಪಾಲನ್ನು ನನ್ನ ಬೆನ್ನಿಗೆ ಸುರಿದರೋ ಏನೋ, ನನಗೆ ಗೊತ್ತಿಲ್ಲ. ಇನ್ನೂರು ವರ್ಷಗಳಿಂದ ನಾವು ಶಪಿಸುತ್ತ ಬಂದ ಆ ಗಟ್ಟಿಯವರು ಕೂಡ, ಕೊನೆಯ ಕೊಡವನ್ನು ಈ ನೆರಳಿನಲ್ಲಿಟ್ಟು, ತಾವು ಒಂದು ಗುಟುಕೂ ಕುಡಿಯದೆ ಆ ತಿರುವು ದಾಟಿ, ಉಸುಕಿನಲ್ಲಿ ಬಿದ್ದಿರಬಹುದು. ಅವರನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ.

ಹಿಂದಿನವರೇ, ನಿಮ್ಮನ್ನು ಬೇಡಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಕಾಯಿಲೆಯವರಿದ್ದರೆ ಅವರನ್ನು ನೋಡಿಕೊಳ್ಳುವವರೂ ಇರುತ್ತಾರೆ. ಊಟ ಆಯಿತೇ, ನೀರು ಕುಡಿದೆಯಾ, ನಿದ್ದೆ ಮಾಡಿದೆಯಾ ಎಂದು ಅವರನ್ನು ಇವತ್ತೇ ಕೇಳಿ. ಅವರು ಏನಿಲ್ಲ ಎಂದರೆ ನಂಬಬೇಡಿ, ಕುತ್ತಿಗೆ ಮುಟ್ಟಿ ನೋಡಿ.

ಬರೆಯುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ತಿರುವಿನ ತನಕ ನನ್ನ ದನಿ ಮುಟ್ಟುತ್ತದೋ ಇಲ್ಲವೋ, ಕೂಗಿದರೆ ನನಗೆ ಕಾವೇರುತ್ತದೆ ಎಂದೂ ಗೊತ್ತು, ಆದರೂ ಕೂಗುತ್ತೇನೆ. ಇಮಾಂಬೀ, ನಿಂಗರಾಜಾ, ನೀರು ಸಿಗಲಿಲ್ಲಂದ್ರೂ ಬರ್ರಿ. ಖಾಲಿ ಕೈಲೆ ಬರ್ರಿ.