ಬಾಗಿಲು ಹಾಕಿಕೊಂಡವರು

ಸೋಮವಾರ, ಮಾರ್ಚ್ 3. ಬೆಳಿಗ್ಗೆ ಆರು

ಮತ್ತೆ ಅದೇ ಕನಸು. ಕಟಕಟೆಯಲ್ಲಿ ನಾನೇ ನಿಂತಿದ್ದೇನೆ. ಎದುರು ಪಕ್ಷದ ವಕೀಲರು ನಾನು ಟೈಪ್ ಮಾಡಿದ ಹಾಳೆಯನ್ನೇ ಕೊಟ್ಟು ಓದು ಅನ್ನುತ್ತಾರೆ. ಒಂದಕ್ಷರವೂ ಗುರುತು ಸಿಗುವುದಿಲ್ಲ. ಹಿಂದಿನಿಂದ ಯಾರೋ — ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಪಾಪ...

ಅಮ್ಮನಿಗೆ ಹೇಳಿದರೆ, "ರಾತ್ರಿ ಕಮ್ಮಿ ತಿನ್ನು" ಅಂದಳು.

ಹೊಟ್ಟೆಯದಲ್ಲ ಇದು. ಗುರುವಾರ ನಮ್ಮ ಕಚೇರಿಯ ಕೇಸಿನ ಹುಡುಗಿಯ ಪಾಟೀಸವಾಲು. ಕೆಲಸ ಕೊಡಿಸುತ್ತೇನೆಂದು ನೆರೆಮನೆಯಾತ ಕರೆದುಕೊಂಡು ಹೋಗಿ ಬಟ್ಟೆ ಗೋದಾಮಿಗೆ ಮಾರಿದ್ದ. ಎಂಟು ಹುಡುಗಿಯರು, ಒಂದೇ ಕೋಣೆ, ಹದಿನಾಲ್ಕು ತಿಂಗಳು ದಾರ ಕತ್ತರಿಸಿದ್ದು. ಅವಳು ಹೇಳಿದ್ದನ್ನು ಲಾಯರ್ ಮೇಡಂ ತಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಂಡರು, ನಾನು ಟೈಪ್ ಮಾಡಿದೆ, ಅವಳು ಸಹಿ ಹಾಕಿದಳು, ಕೋರ್ಟಿಗೆ ಹೋಯಿತು. ಎಲ್ಲ ಸರಿ ಇದೆ. ಇರಬೇಕು.

ಸೋಮವಾರ, ಸಂಜೆ

ವಕೀಲರ ಸಂಘದಿಂದ ಕಾಗದ. ಮಾರಾಟಕ್ಕೆ ಒಳಗಾದವರ ಪರ ನಿಂತ ವಕೀಲರಿಗೆ ಮುಂದಿನ ತಿಂಗಳು ಸನ್ಮಾನ. ಮೇಡಂ ಹೆಸರೂ ಇದೆ. ಅವರ ಬಗ್ಗೆ ನಾಲ್ಕು ಸಾಲು ಕಳಿಸಬೇಕಂತೆ. ಮೇಡಂ ಕಾಗದವನ್ನು ನನ್ನ ಕಡೆ ತಳ್ಳಿದರು. "ನೀನೇ ಬರಿ. ಉದ್ದ ಬೇಡ, ಸುಳ್ಳು ಬೇಡ."

ಏನು ಬರೆಯುವುದೆಂದು ಫೈಲ್ ತೆಗೆದೆ. ತೆಗೆಯಬಾರದಿತ್ತು. ಹುಡುಗಿಯ ಹೇಳಿಕೆ, ಎರಡನೇ ಪುಟ — "ಬಾಗಿಲು ಹಾಕಿಕೊಂಡು ನಾವು ಒಳಗೇ ಇರುತ್ತಿದ್ದೆವು."

ಮೇಡಂ ಪುಸ್ತಕ ಹುಡುಕಿ ನೋಡಿದೆ. "ಬಾಗಿಲು ಹಾಕ್ಕೊಂಡು ಹೋಗೋರು. ನಾವು ಒಳಗೇ ಇರ್ತಿದ್ವಿ." ಆ "ಹೋಗೋರು" ಸಾಲಿನಲ್ಲಿ ಹಿಡಿಸದೆ ಅಂಚಿಗೆ ಒತ್ತಿಕೊಂಡು ಕೂತಿದೆ. ನನ್ನ ಕಣ್ಣಿಗೆ ಬಿದ್ದಿಲ್ಲ. ಬರವಣಿಗೆ ಚೆಂದ ಕಾಣಲಿ ಎಂದು ಎರಡು ಮಾತನ್ನು ಒಂದು ಮಾಡಿದ್ದೇನೆ. ಗೋದಾಮಿನವರು ಹಾಕಿದ ಬಾಗಿಲನ್ನು ಹುಡುಗಿಯರೇ ಹಾಕಿಕೊಂಡ ಹಾಗಾಗಿದೆ. ಇಷ್ಟಪಟ್ಟೇ ಇದ್ದಳು ಎಂದು ವಾದಿಸಲು ಎದುರು ವಕೀಲರಿಗೆ ಇಷ್ಟು ಸಾಕು.

ಮಂಗಳವಾರ

ಹೇಳಲಿಲ್ಲ. ಮೂರು ಸಲ ಮೇಡಂ ಕೋಣೆಯ ತನಕ ಹೋಗಿ ನೀರು ಬೇಕಾ ಎಂದು ಕೇಳಿ ಬಂದೆ. ಹಳೇ ಗುಮಾಸ್ತರು — ನಾನು ಮಾಮ ಅನ್ನುವುದು — ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ಮೇಡಂನ ಮುಳುಗಿಸ್ಬೇಕು ಅಂತಿದೀಯಾ?"

ನಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೈಲ್ ಮುಟ್ಟಿ ನೋಡಿಕೊಂಡೆ.

ಮಧ್ಯಾಹ್ನ ಹುಡುಗಿ ಬಂದಳು. ಮೇಡಂ ಅವಳಿಗೆ ಹೇಳಿಕೊಡುವುದು ಒಂದೇ ಮಾತು. "ಗೊತ್ತಿದ್ರೆ ಹೇಳು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ನನ್ ಮುಖ ನೋಡ್ಬೇಡ." ಹೋಗುವಾಗ ಹುಡುಗಿ ನನ್ನ ಮೇಜಿನ ಹತ್ತಿರ ನಿಂತಳು. "ಅಕ್ಕ, ನಂಗಿಂತ ನೀವೇ ಹೆದರಿದೀರಲ್ಲ."

ಸಹಿ ಹಾಕುವ ಮುಂಚೆ ಆ ಹೇಳಿಕೆಯನ್ನು ಅವಳಿಗೆ ಓದಿ ಹೇಳಿದ್ದೂ ನಾನೇ. ಪ್ರತಿ ಸಾಲಿಗೂ ಹ್ಞೂ ಅಂದಿದ್ದಳು.

ಬುಧವಾರ, ಹನ್ನೊಂದು

ಹೇಳಿದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹೇಳಿಕೆ, ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದರು. "ಕಳಿಸೋ ಮುಂಚೆ ನಾನೂ ಓದಿದೀನಿ. ನಂಗೂ ಕಾಣ್ಲಿಲ್ಲ." ಆಮೇಲೆ — "ಹುಡುಗೀಗೆ ಹೇಳಿದ್ಯಾ? ಮೊದ್ಲು ಅವಳಿಗೆ ಹೇಳು. ಅದು ಅವಳ ಮಾತು."

ಅವಳು ಹೊಲಿಗೆ ಕಲಿಯುವ ಕಡೆಗೇ ಹೋದೆ. ಎಲ್ಲ ಹೇಳಿದೆ. ಕೇಳಿಸಿಕೊಂಡು ಸೂಜಿಗೆ ದಾರ ಪೋಣಿಸಿದಳು.

"ನೀವು ಓದ್ವಾಗ ಭಾಳ ಚೆನ್ನಾಗಿತ್ತು ಅಕ್ಕ. ನಂದು ಅನ್ನಿಸ್ಲೇ ಇಲ್ಲ. ಅದಕ್ಕೇ ಹ್ಞೂ ಅಂದೆ."

ಇದಕ್ಕಿಂತ ಕೆನ್ನೆಗೆ ಎರಡು ಕೊಟ್ಟಿದ್ದರೆ ಚೆನ್ನಾಗಿತ್ತು.

ಗುರುವಾರ

ಮರೆಯುವ ಮೊದಲೇ ಬರೆದುಬಿಡುತ್ತೇನೆ.

ಸವಾಲು ಶುರುವಾಗುವ ಮೊದಲೇ ಮೇಡಂ ತಿದ್ದುಪಡಿ ಅರ್ಜಿ ಕೊಟ್ಟರು. ಎದುರಿನವರು ಎದ್ದರು. "ಸ್ವಾಮಿ, ಕೇಸ್ ಸೋಲುತ್ತೆ ಅಂತ ಗೊತ್ತಾದ ಮೇಲೆ ಈಗ ತಿದ್ದುತ್ತಿದ್ದಾರೆ. ಸಾಕ್ಷಿ ಸುಳ್ಳು ಹೇಳಿದ್ದಾಳೆ, ಇಲ್ಲಾ ಇವರು ಹೇಳಿಸಿದ್ದಾರೆ."

ಹುಡುಗಿ ತಲೆ ತಗ್ಗಿಸಿದಳು. ಮೇಡಂ ಮಾತ್ರ ತಗ್ಗಿಸಲಿಲ್ಲ. "ತಪ್ಪು ನನ್ನ ಕಚೇರಿಯದು, ನನ್ನದು. ಸಾಕ್ಷಿಯದಲ್ಲ. ಬರೆದುಕೊಳ್ಳಿ ಸ್ವಾಮಿ." ಇಪ್ಪತ್ತಾರು ವರ್ಷ ವಕೀಲಿ ಮಾಡಿದವರು, ತುಂಬಿದ ಕೋರ್ಟಿನಲ್ಲಿ. ಟೈಪಿಸ್ಟ್ ಮಾಡಿದ ತಪ್ಪು ಅನ್ನಬಹುದಿತ್ತು. ಅನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ನಾನು ಕಾಲ ಬೆರಳು ನೋಡುತ್ತಾ ಕೂತಿದ್ದೆ.

ನ್ಯಾಯಾಧೀಶರು ಹುಡುಗಿಯನ್ನೇ ಕೇಳಿದರು. ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಿರಾ?

"ಒಳಗಡೆ ಚಿಲಕಾನೇ ಇರ್ಲಿಲ್ಲ ಸ್ವಾಮಿ. ಕಿತ್ತಿದ್ರು. ಮೊಳೆ ಇದ್ದ ತೂತು ಇತ್ತು. ಅದ್ರಲ್ಲಿ ಬೆಳಕು ಬಂದ್ರೆ ಬೆಳಗಾಯ್ತು ಅಂತ."

ನ್ಯಾಯಾಧೀಶರು ಅದನ್ನು ಬರೆದುಕೊಂಡರು.

ಆದರೂ ಆದೇಶವಾಗಲಿಲ್ಲ. ಮೇಡಂ ಪುಸ್ತಕದ ಆ ಪುಟದ ನಕಲು ಸೋಮವಾರ ಕೋರ್ಟಿಗೂ ಕೊಡಬೇಕು, ಎದುರಿನವರಿಗೂ ಕೊಡಬೇಕು. ಅಲ್ಲಿ ಏನು ಬರೆದಿದೆ ಎಂದು ನೋಡಿ ತಿದ್ದುಪಡಿ ಒಪ್ಪುವುದೋ ಬಿಡುವುದೋ ಅಂತ. ಒಪ್ಪದಿದ್ದರೆ ನನ್ನ ಸಾಲೇ ಅವಳ ಸಾಕ್ಷಿಯಾಗಿ ನಿಲ್ಲುತ್ತದೆ.

ಶನಿವಾರ

ಸನ್ಮಾನದ ನಾಲ್ಕು ಸಾಲು ಬರೆದೆ. ನಾಲ್ಕಾಗಲಿಲ್ಲ. ಒಂದೇ — "ತಪ್ಪಾದಾಗ ಎದ್ದು ನಿಂತು ನನ್ನದು ಅಂದರು, ಹುಡುಗಿಯ ಮಾತನ್ನು ಹುಡುಗಿಗೇ ಉಳಿಸಿಕೊಟ್ಟರು."

ಮಾಮ ಓದಿ, "ಸನ್ಮಾನಕ್ಕೆ ಯಾರಾದ್ರೂ ತಪ್ಪಿನ ಕಥೆ ಬರೀತಾರೇನಮ್ಮಾ? ಧೀಮಂತೆ, ದಣಿವರಿಯದವರು, ಹಿಂಗೇನಾದ್ರೂ ಹಾಕು" ಅಂದರು.

ದಣಿವರಿಯದವರು. ನಿನ್ನೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಪೆನ್ನಿನ ಮುಚ್ಚಳ ಬಾಯಲ್ಲೇ ಇತ್ತು. ಚೆಂದ ಮಾಡಲು ಹೋಗಿ ಒಮ್ಮೆ ಸಾಕಾಗಿದೆ. ಬರೆದದ್ದನ್ನೇ ಕಳಿಸಿದೆ.

ಭಾನುವಾರ, ಸಂಜೆ ಐದು

ನಿನ್ನೆ ಜೆರಾಕ್ಸ್ ಅಂಗಡಿಯಲ್ಲಿ ಜನವೋ ಜನ. ಮಾಮ ಆ ಪುಟದ ಮೂರು ನಕಲು ಮಾಡಿಸಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದರು. ನಾನು ನೋಡಲಿಲ್ಲ. ಈಗ ಬಟ್ಟೆ ಮಡಚುತ್ತಾ ಹೊಳೆಯಿತು. ಪುಸ್ತಕ ದಪ್ಪ, ಗಾಜಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಅಂಚು ಹಾರಿಹೋಗುತ್ತದೆ. ನಕಲಲ್ಲಿ ಇಲ್ಲದ್ದು ಅಸಲಿನಲ್ಲಿ ಇದ್ದರೆ — ಆಮೇಲೆ ಸೇರಿಸಿದ್ದು ಅನ್ನುವುದಿಲ್ಲವೇ ಅವರು.

ಮಾಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ. ಮೂರನೇ ಸಲ ಎತ್ತಿದರು, ನಿದ್ದೆಗಣ್ಣಲ್ಲಿ. "ಎಲ್ಲಾ ಸರಿಯಿದೆ ಕಣಮ್ಮಾ, ನಾನೇ ನೋಡಿದೀನಿ."

ನೋಡಿದ್ದೀರಿ ಮಾಮ, ನಾನೂ ನೋಡಿದ್ದೆ, ಮೇಡಂ ಕೂಡ ನೋಡಿದ್ದರು. ದಮ್ಮಯ್ಯ, ಇನ್ನೊಂದ್ಸಲ ಬ್ಯಾಗ್ ತೆಗೀರಿ. ಎಡಗಡೆ ಬೇಡ, ಬಲಗಡೆ ಅಂಚು. ಮೂರರಲ್ಲೂ "ಹೋಗೋರು" ಪೂರ್ತಿ ಬಿದ್ದಿದೆಯಾ, ಇಲ್ಲಾ ಬರೀ "ಹೋ" ಮಾತ್ರವಾ?